ಚಳಿಗಾಲದಲ್ಲಿ ಕರೆಂಟ್ ಹೋದಾಗ ಹಾವು, ಹಲ್ಲಿ, ಆಮೆಗಳನ್ನು ಬೆಚ್ಚಗಿಡುವ ಬಗೆಗಳು: ಒಂದು ಹೋಲಿಕೆ

ಚಳಿಗಾಲದ ರಾತ್ರಿ ಕರೆಂಟ್ ಹೋದರೆ ನಾಯಿ, ಬೆಕ್ಕು ಸಾಕಿದವರು ಒಂದು ಕಂಬಳಿ ಹೆಚ್ಚಿಗೆ ಹೊದಿಸಿ ನಿಶ್ಚಿಂತರಾಗಬಹುದು. ಹಾವು, ಹಲ್ಲಿ, ಆಮೆಗಳನ್ನು ಸಾಕಿದವರಿಗೆ ಆ ಅನುಕೂಲವಿಲ್ಲ. ನಾಯಿಯ ದೇಹ ತನ್ನೊಳಗೇ ಶಾಖ ಹುಟ್ಟಿಸಿಕೊಳ್ಳುತ್ತದೆ, ಕಂಬಳಿ ಅದನ್ನು ಹಿಡಿದಿಡುತ್ತದೆ. ಸರೀಸೃಪದ ದೇಹದಲ್ಲಿ ಹಿಡಿದಿಡುವಷ್ಟು ಶಾಖವೇ ಹುಟ್ಟುವುದಿಲ್ಲವಾದ್ದರಿಂದ, ತಣ್ಣಗಾದ ಹಾವಿಗೆ ಎಷ್ಟು ಕಂಬಳಿ ಸುತ್ತಿದರೂ ಅದು ತಣ್ಣಗೇ ಇರುತ್ತದೆ. ಬಲ್ಬು, ಹೀಟ್ ಮ್ಯಾಟ್ (ವಿದ್ಯುತ್ತಿನಿಂದ ಬಿಸಿಯಾಗುವ ಹಾಸು), ಸೆರಾಮಿಕ್ ಹೀಟರ್‌ಗಳು ಒಮ್ಮೆಗೇ ನಿಂತ ಕ್ಷಣದಿಂದ ಗೂಡಿನ ಉಷ್ಣತೆ ಕೋಣೆಯ ಉಷ್ಣತೆಯತ್ತ ಇಳಿಯತೊಡಗುತ್ತದೆ, ಅದರ ಜೊತೆಗೆ ಪ್ರಾಣಿಯ ಮೈಯೂ ತಣಿಯುತ್ತದೆ.

ಇಂಥ ಹೊತ್ತಿಗೆಂದು ಜನ ಇಟ್ಟುಕೊಳ್ಳುವ ಸಾಧನಗಳು ಹಲವು: ಬಿಸಿನೀರಿನ ಬಾಟಲಿ, ಹೀಟ್ ಪ್ಯಾಕ್, ಪವರ್ ಬ್ಯಾಂಕ್, ಯುಪಿಎಸ್, ಇನ್ವರ್ಟರ್, ಜನರೇಟರ್. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳುವವರಿಗೆ, ಎಷ್ಟು ಜಾಗವನ್ನು ಬಿಸಿ ಮಾಡಬೇಕೆಂದಿದ್ದೀರಿ ಎಂಬ ಮರುಪ್ರಶ್ನೆಯನ್ನೇ ನಾನು ಮೊದಲು ಹಾಕುತ್ತೇನೆ. ಜಾಗ ಕುಗ್ಗಿದಂತೆಲ್ಲ ಅಗ್ಗವೂ ಸುರಕ್ಷಿತವೂ ಆದ ಸಾಧನವೇ ಸಾಕಾಗುತ್ತದೆ. ಜಾಗ ಹಿಗ್ಗಿದಂತೆಲ್ಲ ದುಬಾರಿಯಾದ, ಕೆಲವೊಮ್ಮೆ ಅಪಾಯಕಾರಿಯಾದ ಸಾಧನಗಳಿಗೆ ಕೈಹಾಕಬೇಕಾಗುತ್ತದೆ. ಮುಂದಿನ ಹೋಲಿಕೆಯೆಲ್ಲ ಈ ಮಾತನ್ನೇ ಹಿಡಿದು ಸಾಗುತ್ತದೆ.

ಗಾಬರಿ ಎಷ್ಟು ಬೇಕು

ಎರಡು ಗಂಟೆಯ ಕಡಿತಕ್ಕೂ ಎರಡು ದಿನದ ಕಡಿತಕ್ಕೂ ಒಂದೇ ಉಪಾಯ ನಡೆಯುವುದಿಲ್ಲ, ಎಲ್ಲ ಪ್ರಾಣಿಗಳಿಗೂ ಒಂದೇ ಮಿತಿಯಿಲ್ಲ. ಆರೋಗ್ಯವಾಗಿರುವ ವಯಸ್ಕ ಬಿಯರ್ಡೆಡ್ ಡ್ರ್ಯಾಗನ್, ಲೆಪರ್ಡ್ ಗೆಕ್ಕೊ ಹಲ್ಲಿಗಳು, ಕಾರ್ನ್ ಸ್ನೇಕ್‌ಗಳು ಉಷ್ಣತೆ 18 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿದರೂ ಒಂದು ರಾತ್ರಿಯನ್ನು ತೊಂದರೆಯಿಲ್ಲದೆ ಕಳೆಯುತ್ತವೆ. ಕ್ರೆಸ್ಟೆಡ್ ಗೆಕ್ಕೊಗಳಿಗೆ ತಂಪೇ ಹಿತ. ಅವುಗಳ ವಿಷಯದಲ್ಲಿ ಅತಿಯಾಗಿ ಬಿಸಿ ಮಾಡಿಬಿಡುವುದೇ ಹೆಚ್ಚಿನ ಭಯ. ಬಾಲ್ ಪೈಥಾನ್ ಹಾವು, ಹಸಿರು ಇಗುವಾನಾ ಹಲ್ಲಿ, ಕೆಂಪುಗಾಲಿನ ಆಮೆ ಮುಂತಾದ ಉಷ್ಣವಲಯದ ಜೀವಿಗಳಿಗೆ ಮಾತ್ರ ಉಷ್ಣತೆ 21 ಅಥವಾ 22 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ವ್ಯವಸ್ಥೆ ಆಗಿರಬೇಕು. ಇಗುವಾನಾಗಳು 10 ಡಿಗ್ರಿಯ ಆಸುಪಾಸಿನಲ್ಲಿ ಮೈಮರಗಟ್ಟಿ ಕೊಂಬೆಯ ಹಿಡಿತವನ್ನೇ ಕಳೆದುಕೊಳ್ಳುತ್ತವೆ. 2020ರ ಜನವರಿಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ, ಮರದಿಂದ ಇಗುವಾನಾಗಳು ಉದುರಬಹುದು ಎಂದು ಹವಾಮಾನ ಕಚೇರಿಯೇ ಜನರನ್ನು ಎಚ್ಚರಿಸಿತ್ತು. ಹಾಗೆ ಬಿದ್ದವುಗಳಲ್ಲಿ ಎಷ್ಟೋ ಇಗುವಾನಾಗಳು ಬಿಸಿಲೇರಿದ ಮೇಲೆ ಎದ್ದು ನಡೆಯುತ್ತವೆ. ಆದ್ದರಿಂದ ಚಳಿಯಲ್ಲಿ ಅಲುಗಾಡದೆ ಬಿದ್ದಿರುವ ಹಲ್ಲಿಯನ್ನು ಸತ್ತಿದೆಯೆಂದು ಅವಸರದಲ್ಲಿ ತೀರ್ಮಾನಿಸಬಾರದು.

ಮರಿಗಳು, ಕಾಯಿಲೆಯವು, ಮೊಟ್ಟೆ ಹೊತ್ತವು ಮತ್ತು ಒಂದೆರಡು ದಿನಗಳ ಹಿಂದಷ್ಟೇ ಹೊಟ್ಟೆ ತುಂಬ ತಿಂದವುಗಳಿಗೆ ಮೇಲೆ ಹೇಳಿದ ಸಹನೆಯ ಮಿತಿ ಅನ್ವಯಿಸುವುದಿಲ್ಲ. ಸರೀಸೃಪದ ಜೀರ್ಣಕ್ರಿಯೆ ನಡೆಯುವುದೇ ಹೊರಗಿನ ಬಿಸಿಯ ಬಲದಿಂದ. ಬಿಸಿ ತಪ್ಪಿದರೆ ನುಂಗಿದ ಇಲಿ ಹೊಟ್ಟೆಯಲ್ಲೇ ಕೊಳೆಯತೊಡಗುತ್ತದೆ, ಹಾವು ಅದನ್ನು ಕಕ್ಕಿಬಿಡುವುದೂ ಉಂಟು. ನಾಲ್ಕಾರು ಪ್ರಾಣಿಗಳಿರುವ ಮನೆಯಲ್ಲಿ ಇರುವ ಒಂದೇ ಬಿಸಿ ಪೆಟ್ಟಿಗೆ ಯಾರಿಗೆ ಎಂಬ ಪ್ರಶ್ನೆ ಬಂದರೆ, ಮೊದಲ ಹಕ್ಕು ಮರಿಗೆ ಮತ್ತು ತಿಂದು ಮಲಗಿರುವ ಹಾವಿಗೆ. ಬಿರುಗಾಳಿಯ ಅಥವಾ ಹಿಮದ ಮುನ್ಸೂಚನೆ ಇರುವ ವಾರದಲ್ಲಿ ಹಾವುಗಳಿಗೆ ಊಟ ಕೊಡದೆ ಮುಂದೂಡುವುದು ಖರ್ಚಿಲ್ಲದ ಒಳ್ಳೆಯ ಮುನ್ನೆಚ್ಚರಿಕೆ. ಇನ್ನು, ಮೆಡಿಟರೇನಿಯನ್ ಕಡೆಯ ಕೆಲವು ಆಮೆಗಳು ಚಳಿಗಾಲವಿಡೀ ನಿದ್ರಿಸುತ್ತವೆ ಎಂಬುದನ್ನು ನೆಪ ಮಾಡಿಕೊಂಡು, ಎಚ್ಚರವಿರುವ ಆಮೆಯನ್ನು ಕರೆಂಟ್ ಇಲ್ಲವೆಂದು ಹಾಗೆಯೇ ತಣ್ಣಗೆ ಬಿಡುವುದು ತಪ್ಪು. ಆ ನಿದ್ರೆಗೆ ವಾರಗಟ್ಟಲೆ ಮೊದಲೇ ಆಹಾರ ನಿಲ್ಲಿಸಿ, ಹೊಟ್ಟೆ ಖಾಲಿಯಾಗಲು ಬಿಟ್ಟು, ಹಂತಹಂತವಾಗಿ ಸಿದ್ಧಗೊಳಿಸಬೇಕಾಗುತ್ತದೆ.

ಗೂಡನ್ನೇ ಬಿಸಿ ಮಾಡುವುದೋ, ಪೆಟ್ಟಿಗೆಗೆ ಸಾಗಿಸುವುದೋ

ನನ್ನ ಮಟ್ಟಿಗೆ ನಿಜವಾದ ಆಯ್ಕೆ ಇಲ್ಲಿದೆ. ಉಳಿದದ್ದೆಲ್ಲ ಇದರ ನಂತರದ್ದು. 60 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ಗಾಜಿನ ಗೂಡನ್ನು ತೆಗೆದುಕೊಳ್ಳೋಣ. ಆರು ಮೈಗಳನ್ನೂ ಕೂಡಿಸಿದರೆ ಅದರ ಹೊರಮೈ ಸುಮಾರು ಒಂದೂವರೆ ಚದರ ಮೀಟರ್ ಆಗುತ್ತದೆ. ತೆಳುವಾದ ಗಾಜು ಶಾಖವನ್ನು ಎಷ್ಟು ಧಾರಾಳವಾಗಿ ಹೊರಗೆ ಬಿಡುತ್ತದೆಯೆಂದರೆ, ಕೋಣೆಗಿಂತ ಗೂಡು 10 ಡಿಗ್ರಿ ಬೆಚ್ಚಗಿರಬೇಕಾದರೆ ಸುಮಾರು 80 ವ್ಯಾಟ್ ಶಾಖವನ್ನು ಎಡೆಬಿಡದೆ ಒದಗಿಸುತ್ತಿರಬೇಕು. ಮೇಲ್ಮುಚ್ಚಳ ಜಾಲರಿಯದಾಗಿದ್ದರೆ ಇನ್ನೂ ಹೆಚ್ಚು. ಅದೇ ಪ್ರಾಣಿಯನ್ನು 40 ಸೆಂಟಿಮೀಟರ್ ಉದ್ದ, 30 ಅಗಲ, 25 ಎತ್ತರದ, ಎರಡೂವರೆ ಸೆಂಟಿಮೀಟರ್ ದಪ್ಪದ ಥರ್ಮಾಕೋಲ್ ಪೆಟ್ಟಿಗೆಗೆ ಸಾಗಿಸಿದರೆ ಅಷ್ಟೇ ಬಿಸಿಯನ್ನು ಉಳಿಸಿಕೊಳ್ಳಲು 6ರಿಂದ 7 ವ್ಯಾಟ್ ಸಾಕು. ಅಂದರೆ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಯಾವ ದುಬಾರಿ ಬ್ಯಾಟರಿಯೂ ಕೊಡಲಾರದ ಲಾಭವನ್ನು ಒಂದು ಥರ್ಮಾಕೋಲ್ ಪೆಟ್ಟಿಗೆ ಕೊಡುತ್ತದೆ.

ಹೀಗಿದ್ದರೂ ಗೂಡಿನಲ್ಲೇ ಉಳಿಸುವುದು ಸರಿಯಾಗುವ ಸಂದರ್ಭಗಳಿವೆ. ಕಡಿತ ಎರಡು ಮೂರು ಗಂಟೆಯದಾಗಿದ್ದರೆ, ಕೋಣೆ ಇನ್ನೂ 20 ಡಿಗ್ರಿಯ ಮೇಲಿದ್ದರೆ, ಅಥವಾ ಪ್ರಾಣಿ ಮುಟ್ಟಿದರೆ ಬೆದರುವ ಸ್ವಭಾವದ್ದಾಗಿದ್ದರೆ, ಗೂಡಿನ ಮೂರು ಬದಿ ಮತ್ತು ಮೇಲ್ಭಾಗವನ್ನು ಕಂಬಳಿಯಿಂದ ಸುತ್ತಿ, ಗಾಳಿಯಾಡಲು ಒಂದು ಮೂಲೆಯನ್ನು ಬಿಟ್ಟು ಸುಮ್ಮನಿರುವುದೇ ಮೇಲು. ಮೈ ಸೇರದಷ್ಟು ದೊಡ್ಡದಾದ ಇಗುವಾನಾ ಅಥವಾ ಆಮೆ ಇದ್ದವರಿಗೆ ಪೆಟ್ಟಿಗೆಯ ದಾರಿಯೇ ಇಲ್ಲ. ಅವರು ಮನೆಯ ಒಳಭಾಗದ ಅತಿ ಚಿಕ್ಕ ಕೋಣೆಯನ್ನು ಆರಿಸಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಮನೆಯವರೂ ಅಲ್ಲೇ ಮಲಗುವುದು ಒಳ್ಳೆಯದು. ಒಬ್ಬ ಮನುಷ್ಯನ ದೇಹ ಸುಮ್ಮನೆ ಕುಳಿತಾಗಲೂ ಸುಮಾರು 100 ವ್ಯಾಟ್ ಶಾಖ ಹೊರಸೂಸುತ್ತದೆ; ನಾಲ್ವರು ಸೇರಿದರೆ ಅದೇ ಒಂದು ಸಣ್ಣ ಹೀಟರ್.

ಪೆಟ್ಟಿಗೆಯ ವಿಷಯದಲ್ಲಿ ಎರಡು ಮಾತು ಹೇಳಬೇಕು. ಪ್ರಾಣಿಯನ್ನು ನೇರವಾಗಿ ಥರ್ಮಾಕೋಲ್ ಒಳಗೆ ಬಿಡದೆ, ಹಾವನ್ನು ದಿಂಬಿನ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಹಲ್ಲಿಯನ್ನು ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿ, ಆಮೇಲೆ ಪೆಟ್ಟಿಗೆಯಲ್ಲಿಡಬೇಕು. ಪೆಟ್ಟಿಗೆಗೂ ಪೆನ್ಸಿಲ್ ತೂರುವಷ್ಟು ಅಗಲದ ನಾಲ್ಕಾರು ತೂತುಗಳಿರಬೇಕು. ಜಾಗ ಉಳಿಸಲೆಂದು ಎರಡು ಪ್ರಾಣಿಗಳನ್ನು ಒಂದೇ ಚೀಲದಲ್ಲಿ ಹಾಕಬಾರದು, ಅವು ದಿನವೂ ಒಂದೇ ಗೂಡಿನಲ್ಲಿರುವ ಜೋಡಿಯಾಗಿದ್ದರೂ.

ಬಿಸಿನೀರು, ಹೀಟ್ ಪ್ಯಾಕ್, ಮೈಬಿಸಿ

ಪೆಟ್ಟಿಗೆ ಸಿದ್ಧವಾದ ಮೇಲೆ ಶಾಖದ ಮೂಲವನ್ನು ಆರಿಸುವುದು ಸುಲಭ. 2 ಲೀಟರ್ ನೀರು 50 ಡಿಗ್ರಿಯಿಂದ 30 ಡಿಗ್ರಿಗೆ ಇಳಿಯುವಷ್ಟರಲ್ಲಿ ಸುಮಾರು 46 ವ್ಯಾಟ್-ಗಂಟೆ (ಒಂದು ವ್ಯಾಟಿನಂತೆ 46 ಗಂಟೆ ಕೊಡುವಷ್ಟು) ಶಾಖವನ್ನು ಬಿಟ್ಟುಕೊಡುತ್ತದೆ. ಮೇಲೆ ಹೇಳಿದ ಪೆಟ್ಟಿಗೆಗೆ ಅದು ಆರೇಳು ಗಂಟೆಯ ಶಾಖ; ಅದೇ ಬಾಟಲಿಯನ್ನು ಗಾಜಿನ ಗೂಡಿನೊಳಗೆ ಇಟ್ಟರೆ ಅರ್ಧ ಗಂಟೆಯಲ್ಲಿ ಮುಗಿದುಹೋಗುವಷ್ಟು. ಬಿಸಿನೀರಿನ ಬಾಟಲಿಯಿಂದ ಏನೂ ಆಗಲಿಲ್ಲ ಎಂದು ದೂರುವವರು ಬಹುಮಟ್ಟಿಗೆ ಅದನ್ನು ಗೂಡಿನೊಳಗಿಟ್ಟವರು.

ನನ್ನ ಲೆಪರ್ಡ್ ಗೆಕ್ಕೊಗಾಗಿ, ಕರೆಂಟ್ ಇರುವ ಒಂದು ರಜಾದಿನದಲ್ಲೇ ನಾನು ಇದರ ತಾಲೀಮು ನಡೆಸಿದ್ದೆ. ಬಾಟಲಿಗೆ ಟವೆಲನ್ನು ಒಂದೇ ಸುತ್ತು ಸುತ್ತಿ ಡಬ್ಬಿಗೆ ಒತ್ತಿದಂತೆ ಇಟ್ಟಾಗ, ಹತ್ತೇ ನಿಮಿಷದಲ್ಲಿ ಗೆಕ್ಕೊ ಆಚೆಯ ಗೋಡೆಗೆ ಹೊಟ್ಟೆ ಹಚ್ಚಿ, ಬಾಲ ಸೆಟೆದು ನಿಂತಿತ್ತು. ಡಬ್ಬಿಯ ಈ ಬದಿಗೆ ಅಂಗೈ ಇಟ್ಟು ನೋಡಿದರೆ ನನಗೇ ಚುರುಕೆನ್ನುವಷ್ಟು ಬಿಸಿ. ಟವೆಲನ್ನು ಮೂರು ಸುತ್ತು ಮಾಡಿ, ನಡುವೆ ನಾಲ್ಕು ಬೆರಳಿನ ಅಂತರ ಕೊಟ್ಟ ಮೇಲೆ ಅದು ನಿಧಾನವಾಗಿ ಬಿಸಿಯ ಕಡೆಗೆ ಬಂದು ಮಲಗಿತು. ಬಾಟಲಿ ಯಾವಾಗಲೂ ಪೆಟ್ಟಿಗೆಯ ಒಂದು ತುದಿಯಲ್ಲಿರಬೇಕು, ಇನ್ನೊಂದು ತುದಿ ತಂಪಾಗಿ ಉಳಿಯಬೇಕು. ಸರೀಸೃಪಗಳು ಹೊಟ್ಟೆಯ ಕೆಳಗಿನ ಅತಿಬಿಸಿಯಿಂದ ಸರಿಯಾದ ಹೊತ್ತಿಗೆ ಸರಿದುಕೊಳ್ಳುತ್ತವೆಂಬ ಭರವಸೆಯಿಲ್ಲ. ಬಿಸಿ ಮೂಲಕ್ಕೆ ಅಂಟಿಕೊಂಡೇ ಸುಟ್ಟುಕೊಂಡ ಹಾವುಗಳನ್ನು ಪಶುವೈದ್ಯರು ಆಗಾಗ ನೋಡುತ್ತಿರುತ್ತಾರೆ. ಚಳಿ ಕೊಲ್ಲುವುದಕ್ಕೆ ಸಾಮಾನ್ಯವಾಗಿ ಗಂಟೆಗಳು, ದಿನಗಳು ಹಿಡಿಯುತ್ತವೆ. ಮುಚ್ಚಿದ ಪೆಟ್ಟಿಗೆಯೊಳಗಿನ 40 ಡಿಗ್ರಿ ದಾಟಿದ ಸೆಕೆಗೆ ಅಷ್ಟು ಹೊತ್ತು ಬೇಡ. ಬ್ಯಾಟರಿಯಿಂದ ನಡೆಯುವ, ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಚಿಕ್ಕ ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಸೆನ್ಸರ್ ಇರಬೇಕಾದದ್ದು ಪ್ರಾಣಿ ಮಲಗುವ ಮಟ್ಟದಲ್ಲಿ, ಮುಚ್ಚಳದ ಹತ್ತಿರ ಅಲ್ಲ.

ಬಿಸಿನೀರಿನ ಕೊರತೆಯೆಂದರೆ ಅದನ್ನು ಮತ್ತೆ ಮತ್ತೆ ಕಾಯಿಸಬೇಕು. ಗ್ಯಾಸ್ ಒಲೆಯಿದ್ದವರಿಗೆ ಅದು ಕಷ್ಟವಲ್ಲ. ಇಲ್ಲದವರು ಮುನ್ಸೂಚನೆ ಬಂದ ದಿನವೇ ಫ್ಲಾಸ್ಕ್‌ಗಳಲ್ಲಿ ಕುದಿನೀರು ತುಂಬಿಟ್ಟು, ಬೇಕಾದಾಗ ತಣ್ಣೀರು ಬೆರೆಸಿ 50 ಡಿಗ್ರಿಗೆ ತಂದುಕೊಳ್ಳಬಹುದು. ಕುದಿನೀರನ್ನು ನೇರವಾಗಿ ಪ್ಲಾಸ್ಟಿಕ್ ಬಾಟಲಿಗೆ ಸುರಿದರೆ ಬಾಟಲಿ ಸೊಟ್ಟಗಾಗಿ ಸೋರುತ್ತದೆ. ತೊಯ್ದ ಹಲ್ಲಿಯನ್ನು ಬೆಚ್ಚಗಿಡುವುದು ಒಣಗಿದ ಹಲ್ಲಿಯನ್ನು ಬೆಚ್ಚಗಿಡುವುದಕ್ಕಿಂತ ಬಹಳ ಕಷ್ಟ.

ಹೀಟ್ ಪ್ಯಾಕ್‌ಗಳಲ್ಲಿ ಎರಡು ಬಗೆಯಿವೆ, ಅವನ್ನು ಒಂದೇ ಎಂದು ತಿಳಿಯಬಾರದು. ಕಬ್ಬಿಣದ ಪುಡಿ, ಉಪ್ಪು, ಇದ್ದಿಲು ಬೆರೆತ ಪೊಟ್ಟಣ ಗಾಳಿಯ ಆಮ್ಲಜನಕವನ್ನು ಹೀರಿ, ಒಳಗಿನ ಕಬ್ಬಿಣ ತುಕ್ಕು ಹಿಡಿಯುವ ಮೂಲಕ ಬಿಸಿಯಾಗುತ್ತದೆ. ಕೈ ಬೆಚ್ಚಗಿಡಲು ಮಾರುವ ಪೊಟ್ಟಣಗಳು ಹಲವು ಗಂಟೆ ಬಾಳುತ್ತವೆ, ಆದರೆ 60 ಡಿಗ್ರಿಯನ್ನೂ ಮುಟ್ಟುವಷ್ಟು ಬಿಸಿಯಾಗಬಲ್ಲವು. ಪ್ರಾಣಿಗಳನ್ನು ಸಾಗಿಸಲೆಂದೇ ತಯಾರಿಸಿದ 40 ಅಥವಾ 72 ಗಂಟೆಯ ಪೊಟ್ಟಣಗಳು ಮೆಲ್ಲಗೆ, ಮಿತವಾಗಿ ಬಿಸಿ ಕೊಡುತ್ತವೆ. ಎರಡು ದಿನದ ಕಡಿತಕ್ಕೆ ನಾನು ಆರಿಸುವುದು ಈ ಎರಡನೆಯದನ್ನೇ. ಆಮ್ಲಜನಕ ಬೇಕಾದ್ದರಿಂದ ಅದನ್ನು ಬಟ್ಟೆಯಡಿ ಹೂತುಹಾಕದೆ ಮುಚ್ಚಳದ ಒಳಬದಿಗೆ ಅಂಟಿಸಬೇಕು. ಗಾಳಿಯ ತೂತುಗಳಿಲ್ಲದಿದ್ದರೆ ಪೊಟ್ಟಣವೂ ತಣ್ಣಗಾಗುತ್ತದೆ, ಪ್ರಾಣಿಯ ಪಾಲಿನ ಆಮ್ಲಜನಕವೂ ಕಡಿಮೆಯಾಗುತ್ತದೆ. ಒಳಗಿನ ಲೋಹದ ಬಿಲ್ಲೆಯನ್ನು ಟಕ್ಕೆನಿಸಿದರೆ ಹರಳುಗಟ್ಟಿ ಬಿಸಿಯಾಗುವ ಸೋಡಿಯಂ ಅಸಿಟೇಟ್ ಚೀಲ ಇನ್ನೊಂದು ಬಗೆ. ಕುದಿಸಿ ಮತ್ತೆ ಬಳಸಬಹುದೆಂಬುದು ಅದರ ಆಕರ್ಷಣೆ. ಒಂದೆರಡು ಗಂಟೆಗಿಂತ ಹೆಚ್ಚು ಬಾಳದ ಅದರಿಂದ ರಾತ್ರಿ ಕಳೆಯಲಾಗದು.

ಸಣ್ಣ ಹಾವನ್ನು ಬಟ್ಟೆ ಚೀಲದಲ್ಲಿ ಹಾಕಿ ಅಂಗಿಯೊಳಗೆ ಇಟ್ಟುಕೊಳ್ಳುವುದು ಹಳೆಯ ಉಪಾಯ, ಮತ್ತು ಒಳ್ಳೆಯ ಉಪಾಯ. ನಮ್ಮ ಚರ್ಮದ ಬಿಸಿ ಸುಮಾರು 33 ಡಿಗ್ರಿ ಇರುವುದರಿಂದ ಸುಡುವ ಭಯವಿಲ್ಲ. ಎಚ್ಚರವಿರುವವರೆಗೆ ಮಾತ್ರ ಇದು ಸಲ್ಲುತ್ತದೆ, ನಿದ್ರೆಯಲ್ಲಿ ಹೊರಳಿದರೆ ಕೆಡುಕು. ಸರೀಸೃಪಗಳು ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೊತ್ತಿರಬಹುದಾದ್ದರಿಂದ ಆಮೇಲೆ ಸೋಪು ಹಚ್ಚಿ ಕೈ ತೊಳೆಯುವುದನ್ನು ಮರೆಯಬಾರದು.

ಬ್ಯಾಟರಿಯ ಲೆಕ್ಕ

ಬ್ಯಾಟರಿಯನ್ನು ನೆಚ್ಚುವವರು ಮೊದಲು ಬೆಳಕಿನ ಆಸೆ ಬಿಡಬೇಕು. ಎರಡು ಮೂರು ದಿನ ಯುವಿಬಿ ದೀಪ (ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಕೊಡುವ ದೀಪ) ಇಲ್ಲದಿದ್ದರೆ ಯಾವ ಹಲ್ಲಿಗೂ ಕೇಡಿಲ್ಲ. ಇರುವ ವಿದ್ಯುತ್ತೆಲ್ಲ ಶಾಖಕ್ಕೇ ಮೀಸಲಾಗಬೇಕು. 12 ವೋಲ್ಟ್, 150 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಗಂಟೆ ಇದ್ದರೂ, ಬ್ಯಾಟರಿಯ ಆಯುಸ್ಸು ಉಳಿಯಬೇಕಾದರೆ ಅರ್ಧವನ್ನಷ್ಟೇ ಬಳಸುವುದು ರೂಢಿ. ಇನ್ವರ್ಟರ್ ತಾನೇ 15 ವ್ಯಾಟ್ ನುಂಗುತ್ತದೆಂದು ಇಟ್ಟುಕೊಂಡರೂ, 20 ವ್ಯಾಟಿನ ಹೀಟ್ ಮ್ಯಾಟ್ ಆ 900 ವ್ಯಾಟ್-ಗಂಟೆಯಲ್ಲಿ ಸುಮಾರು 25 ಗಂಟೆ ನಡೆಯುತ್ತದೆ. 100 ವ್ಯಾಟಿನ ಸೆರಾಮಿಕ್ ಹೀಟರ್ ಎಂಟು ಗಂಟೆಯೊಳಗೆ ಅದನ್ನು ಮುಗಿಸುತ್ತದೆ. ಬ್ಯಾಟರಿ ಇರುವ ಜಾಗವೂ ಕೊರೆಯುವಷ್ಟು ತಣ್ಣಗಿದ್ದರೆ ಈ ಅಂಕಿಗಳು ಇನ್ನಷ್ಟು ಕುಗ್ಗುತ್ತವೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಹೆಚ್ಚಿನ ಪಾಲನ್ನು ಹಾನಿಯಿಲ್ಲದೆ ಬಳಸಬಹುದು, ತೂಕವೂ ಕಡಿಮೆ. ಬೆಲೆ ಮಾತ್ರ ಹೆಚ್ಚು.

ಕಂಪ್ಯೂಟರಿಗೆಂದು ಇಟ್ಟ ಸಣ್ಣ ಯುಪಿಎಸ್ ಒಳಗೆ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿ, ಅಂದರೆ 84 ವ್ಯಾಟ್-ಗಂಟೆ. ಹೀಟ್ ಮ್ಯಾಟ್ ಒಂದನ್ನು ಎರಡು ಮೂರು ಗಂಟೆ ನಡೆಸಲು ಅದು ಸಾಕು, ಹೀಟರಿಗೆ ಸಲ್ಲದು. ಅದಕ್ಕಿಂತ ಜಾಣತನದ ಆಯ್ಕೆ ಪವರ್ ಬ್ಯಾಂಕ್ ಎಂದು ನನ್ನ ಅಭಿಪ್ರಾಯ. 20,000 ಮಿಲಿಆಂಪಿಯರ್-ಗಂಟೆಯ ಪವರ್ ಬ್ಯಾಂಕಿನಲ್ಲಿ 74 ವ್ಯಾಟ್-ಗಂಟೆ ಇರುತ್ತದೆ; ನಷ್ಟ ಕಳೆದು 60 ದಕ್ಕಿತೆಂದರೂ 5 ವ್ಯಾಟಿನ ಯುಎಸ್‌ಬಿ ಹೀಟ್ ಮ್ಯಾಟ್ 12 ಗಂಟೆ ನಡೆಯುತ್ತದೆ. 5 ವ್ಯಾಟ್ ಗಾಜಿನ ಗೂಡಿನಲ್ಲಿ ಲೆಕ್ಕಕ್ಕೇ ಬಾರದು, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಅದು ಬೇಕಾದುದರ ಬಹುಪಾಲು. ಕೆಲವು ಪವರ್ ಬ್ಯಾಂಕುಗಳು ಕಡಿಮೆ ಕರೆಂಟ್ ಎಳೆಯುವ ಸಾಧನವನ್ನು ಗುರುತಿಸದೆ ತಾವಾಗಿಯೇ ಆಫ್ ಆಗುವುದರಿಂದ, ಕೊಂಡ ದಿನವೇ ಒಂದು ರಾತ್ರಿ ನಡೆಸಿ ನೋಡಬೇಕು.

ಇನ್ವರ್ಟರ್ ಕೊಳ್ಳುವವರು ಶುದ್ಧ ಸೈನ್ ವೇವ್ (ಮನೆಯ ಕರೆಂಟಿನಂತೆಯೇ ನಯವಾದ ಅಲೆ ಕೊಡುವ) ಮಾದರಿಯನ್ನೇ ಆರಿಸುವುದು ಒಳ್ಳೆಯದು. ಬರಿಯ ಹೀಟ್ ಮ್ಯಾಟ್ ಯಾವ ಬಗೆಯ ವಿದ್ಯುತ್ತಿನಲ್ಲೂ ಬಿಸಿಯಾಗುತ್ತದೆ. ಉಷ್ಣತೆ ನೋಡಿಕೊಂಡು ವಿದ್ಯುತ್ತನ್ನು ಏರಿಳಿಸುವ ಡಿಮ್ಮರ್ ಬಗೆಯ ಥರ್ಮೋಸ್ಟಾಟ್‌ಗಳು ಮಾತ್ರ ಬೇರೆ ಮಾದರಿಗಳು ಕೊಡುವ ಚೌಕ ಅಲೆಯ ವಿದ್ಯುತ್ತಿನಲ್ಲಿ ದಾರಿ ತಪ್ಪಬಹುದು.

ಜನರೇಟರ್ ಮತ್ತು ಬೆಂಕಿ

ಹತ್ತಾರು ಗೂಡುಗಳಿರುವವರಿಗೆ, ದಿನಗಟ್ಟಲೆ ಕರೆಂಟ್ ಹೋಗುವ ಕಡೆ ಇರುವವರಿಗೆ ಜನರೇಟರಿಗೆ ಬದಲಿಲ್ಲ. ಅದು ಮನೆಯ ಹೊರಗೆ, ಬಾಗಿಲು ಕಿಟಕಿಗಳಿಂದ ಕನಿಷ್ಠ 6 ಮೀಟರ್ ದೂರದಲ್ಲಿ ಓಡಬೇಕು. ಶೆಡ್ಡಿನಲ್ಲೂ ಅಲ್ಲ, ಬಾಗಿಲು ತೆರೆದ ಗ್ಯಾರೇಜಿನಲ್ಲೂ ಅಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾರಿನ ಹೀಟರ್ ಹಾಕಿಕೊಂಡು ಅದರೊಳಗೆ ಕೂರುವವರಿಗೂ ಇದೇ ಮಾತು: ಕಾರು ಬಯಲಿನಲ್ಲಿರಬೇಕು, ಹೊಗೆ ಕೊಳವೆಯನ್ನು ಹಿಮ ಮುಚ್ಚಿರಬಾರದು. ಒಂದೆರಡು ಹಲ್ಲಿಗಳಿಗಾಗಿ ಜನರೇಟರ್ ಕೊಳ್ಳುವುದನ್ನು ನಾನು ಸಲಹೆ ಮಾಡುವುದಿಲ್ಲ.

ಮೇಣದಬತ್ತಿಯ ಮೇಲೆ ಮಣ್ಣಿನ ಕುಂಡ ಬೋರಲು ಹಾಕಿದರೆ ಕೋಣೆಯೇ ಬೆಚ್ಚಗಾಗುತ್ತದೆಂಬ ಮಾತು ಪ್ರತಿ ಚಳಿಗಾಲವೂ ಸುತ್ತಾಡುತ್ತದೆ. ಒಂದು ಮೇಣದಬತ್ತಿಯ ಶಾಖ ಹೆಚ್ಚೆಂದರೆ 80 ವ್ಯಾಟ್ ಆಸುಪಾಸಿನದು. ಕುಂಡ ಅದಕ್ಕೆ ಒಂದು ವ್ಯಾಟನ್ನೂ ಸೇರಿಸುವುದಿಲ್ಲ. ಕಂಬಳಿ, ಥರ್ಮಾಕೋಲ್, ಒಣ ತೊಗಟೆಗಳ ನಡುವೆ ರಾತ್ರಿಯಿಡೀ ಬೆಂಕಿ ಉರಿಸಿಡುವುದನ್ನು ನಾನು ಆಯ್ಕೆಗಳ ಪಟ್ಟಿಗೇ ಸೇರಿಸುವುದಿಲ್ಲ. ಹೊಗೆ ಕೊಳವೆಯಿಲ್ಲದ ಸೀಮೆಎಣ್ಣೆ ಹೀಟರ್ ಕೋಣೆಯನ್ನು ನಿಜಕ್ಕೂ ಬಿಸಿ ಮಾಡುತ್ತದೆ. ಅದನ್ನು ಬಳಸಲೇಬೇಕಾದರೆ ಕಿಟಕಿ ಸ್ವಲ್ಪ ತೆರೆದಿರಬೇಕು, ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಬೇಕು, ಮಲಗುವ ಮುನ್ನ ಆರಿಸಬೇಕು.

ನೀರಾಮೆಗಳಿಗೆ ಈ ಪರದಾಟ ಕಡಿಮೆ. 100 ಲೀಟರ್ ನೀರು ತಣ್ಣಗಾಗಲು ಬಹಳ ಹೊತ್ತು ಹಿಡಿಯುತ್ತದೆ. ತೊಟ್ಟಿಯನ್ನು ಮುಚ್ಚಿ, ಬದಿಗಳಿಗೆ ಥರ್ಮಾಕೋಲ್ ಹಾಳೆ ಆನಿಸಿದರೆ ಒಂದು ರಾತ್ರಿಯ ಚಿಂತೆಯಿಲ್ಲ. ಅದಕ್ಕೂ ಮೀರಿದರೆ ಆಮೆಯನ್ನು ಒದ್ದೆ ಬಟ್ಟೆ ಹಾಸಿದ ಡಬ್ಬಿಯಲ್ಲಿ ಕೂರಿಸಿ ಬೆಚ್ಚನೆಯ ಪೆಟ್ಟಿಗೆಗೆ ಸಾಗಿಸುವುದು, ತೊಟ್ಟಿಯ ಅಷ್ಟೂ ನೀರನ್ನು ಕಾಯಿಸಲು ಹೆಣಗುವುದಕ್ಕಿಂತ ಸುಲಭ.

ಕರೆಂಟ್ ಬಂದ ಮೇಲೆ

ಅವಘಡಗಳಿಗೆ ಹೆಚ್ಚು ಆಸ್ಪದವಿರುವ ಹೊತ್ತು ಇದೇ. ಗೂಡಿಗೆ ಕಂಬಳಿ ಸುತ್ತಿ ಮಲಗಿದವರು ಹೀಟ್ ಲ್ಯಾಂಪಿನ ಪ್ಲಗ್ ಕಿತ್ತಿರದಿದ್ದರೆ, ನಡುರಾತ್ರಿ ಕರೆಂಟ್ ಬಂದಾಗ ಆ ಕಂಬಳಿಯ ಅಡಿಯಲ್ಲೇ ದೀಪ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಮೊದಲು ಪ್ಲಗ್ ಕೀಳಬೇಕು, ಆಮೇಲೆ ಕಂಬಳಿ ಹೊದಿಸಬೇಕು. ಈ ಕ್ರಮ ಅದಲುಬದಲಾಗಬಾರದು. ಪ್ರಾಣಿಯನ್ನು ಸಾಗಿಸುವ ಗಡಿಬಿಡಿಯಲ್ಲಿ ಥರ್ಮೋಸ್ಟಾಟಿನ ಸೆನ್ಸರ್ ಗೂಡಿನಿಂದ ಹೊರಬಿದ್ದಿದ್ದರೆ, ಅದು ತಣ್ಣನೆಯ ನೆಲದ ಉಷ್ಣತೆಯನ್ನೇ ಗೂಡಿನದೆಂದು ತಿಳಿದು ಹೀಟ್ ಮ್ಯಾಟನ್ನು ಒಂದೇ ಸಮನೆ ಉರಿಸುತ್ತದೆ. ಸೆನ್ಸರ್ ತನ್ನ ಜಾಗದಲ್ಲಿದೆಯೇ ಎಂದು ಕಣ್ಣಾರೆ ನೋಡಿ, ಗೂಡು ಸರಿಯಾದ ಉಷ್ಣತೆಗೆ ಬಂದು ಒಂದು ಗಂಟೆ ಅಲ್ಲೇ ನಿಂತಿತೆಂದು ಖಚಿತವಾದ ಮೇಲೆಯೇ ಪ್ರಾಣಿಯನ್ನು ಮರಳಿ ಬಿಡಬೇಕು.

ಮೈ ತಣ್ಣಗಾಗಿದ್ದ ಪ್ರಾಣಿಯನ್ನು ಬಿಸಿನೀರಿನಲ್ಲಿ ಅದ್ದುವುದಾಗಲಿ, ದೀಪದ ಅಡಿಗೇ ಹಿಡಿಯುವುದಾಗಲಿ ಬೇಡ. ಕೆಲವು ಗಂಟೆಗಳ ಅವಧಿಯಲ್ಲಿ ಮೆಲ್ಲಗೆ ಬಿಸಿಯೇರಲಿ. ನೀರಾಮೆಯ ತೊಟ್ಟಿಯ ಫಿಲ್ಟರ್ ಹಲವು ಗಂಟೆ ನಿಂತಿದ್ದರೆ ಅದರೊಳಗಿನ ಉಪಕಾರಿ ಬ್ಯಾಕ್ಟೀರಿಯಾ ಆಮ್ಲಜನಕವಿಲ್ಲದೆ ಸತ್ತು ಕೊಳೆತಿರಬಹುದಾದ್ದರಿಂದ, ತೊಳೆಯದೆ ಅದನ್ನು ಚಾಲೂ ಮಾಡಬಾರದು. ಸಹಜ ಉಷ್ಣತೆಯಲ್ಲಿ ಒಂದೆರಡು ದಿನ ಕಳೆದು, ಪ್ರಾಣಿ ಎಂದಿನಂತೆ ಓಡಾಡತೊಡಗಿದ ಮೇಲೆ ಸ್ವಲ್ಪವೇ ಆಹಾರ ಕೊಟ್ಟು ನೋಡಬಹುದು. ಮುಂದಿನ ಎರಡು ವಾರ ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಡುವುದು, ಉಸಿರಿನೊಡನೆ ಸಿಳ್ಳಿನಂಥ ಸದ್ದು ಇವುಗಳಲ್ಲಿ ಯಾವುದೊಂದು ಕಂಡರೂ ಅದು ಶ್ವಾಸಕೋಶದ ಸೋಂಕಿನ ಸೂಚನೆ. ಸರೀಸೃಪಗಳನ್ನು ನೋಡಿ ಬಲ್ಲ ಪಶುವೈದ್ಯರಲ್ಲಿಗೆ ಆ ದಿನವೇ ಒಯ್ಯಬೇಕು, ಅದೂ ಬಿಸಿನೀರಿನ ಬಾಟಲಿಯಿಟ್ಟ ಅದೇ ಥರ್ಮಾಕೋಲ್ ಪೆಟ್ಟಿಗೆಯಲ್ಲಿ.